ಮುನಿರತ್ನಮ್ಮನ ಬೆರಳು, ಜವರಪ್ಪನ ಬಣ್ಣ

ನನಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ ಎಂದು ನನ್ನ ಅತ್ತೆ ಮುನಿರತ್ನಮ್ಮ ಮದುವೆಯಾದ ಮೊದಲ ವಾರವೇ ಕಂಡುಹಿಡಿದರು. ಅವರಿಗೆ ಹಟ ಬೆರಳಿನ ತುದಿಯಲ್ಲಿರುತ್ತದೆ ಎಂದು ಕಂಡುಹಿಡಿಯಲು ನನಗೆ ಅಷ್ಟು ದಿನವೂ ಬೇಕಾಗಲಿಲ್ಲ. ಹನ್ನೆರಡು ವರ್ಷದಿಂದ ದೊಡ್ಡಬಳ್ಳಾಪುರದ ಈ ಮನೆಯಲ್ಲಿ ಕೋಪವೂ ಹಟವೂ ಒಂದೇ ಒಲೆಯಲ್ಲಿ ಅಡುಗೆ ಮಾಡಿಕೊಂಡು ಬಂದಿವೆ. ನಾಲ್ಕು ಪವರ್‌ಲೂಮ್ ಮಗ್ಗಗಳ ಸದ್ದಿನಲ್ಲಿ ನಮ್ಮಿಬ್ಬರ ಜಗಳ ತನಗೆ ಕೇಳಿಸುವುದೇ ಇಲ್ಲ ಎನ್ನುತ್ತಾನೆ ನನ್ನ ಗಂಡ ಕುಮಾರ್. ಚೆನ್ನಾಗಿ ಕೇಳಿಸುತ್ತದೆ, ನನಗೆ ಗೊತ್ತು.

ಅತ್ತೆಯ ಕೆಲಸ ಹಾಸು ಕೆಚ್ಚುವುದು. ಮಗ್ಗದ ಮೇಲೆ ಉದ್ದಕ್ಕೆ ಹಾಸಿದ ನೂಲು ಮುಗಿಯುತ್ತ ಬಂದಾಗ ಹೊಸ ಹಾಸು ತಂದು ಕೂರಿಸುತ್ತಾರೆ. ಆಗ ಹಳೆಯ ಒಂದೊಂದು ಎಳೆಯ ತುದಿಗೂ ಹೊಸದರ ಒಂದೊಂದು ಎಳೆ ಸೇರಿಸಿ, ಹೆಬ್ಬೆರಳು ಮತ್ತು ತೋರುಬೆರಳಿನ ನಡುವೆ ಹೊಸೆದು ಒಂದು ಮಾಡಬೇಕು. ಗಂಟು ಹಾಕುವಂತಿಲ್ಲ. ಗಂಟು ಹಾಕಿದರೆ ಎಳೆ ಬಾಚಣಿಗೆಯಂಥ ಅಚ್ಚಿನ ಹಲ್ಲುಗಳ ಸಂದಿಯಲ್ಲಿ ತೂರುವುದಿಲ್ಲ, ಅಲ್ಲೇ ಕಡಿದುಹೋಗುತ್ತದೆ. ನಮ್ಮ ಸೀರೆಯ ಅಗಲಕ್ಕೆ ಇಂಥವು ನಾಲ್ಕು ಸಾವಿರದ ಎಂಟುನೂರು ಎಳೆ. ಬೆರಳು ಜಾರದಿರಲಿ ಎಂದು ಪಕ್ಕದಲ್ಲಿ ಒಂದು ಡಬ್ಬಿ ಮುಚ್ಚಳದಲ್ಲಿ ಬೂದಿ ಇಟ್ಟುಕೊಂಡು ಆಗಾಗ ಮುಟ್ಟಿಕೊಳ್ಳುತ್ತಾರೆ.

ಈ ಕೆಲಸದಲ್ಲಿ ಅತ್ತೆಯನ್ನು ಮೀರಿಸುವವರು ನಮ್ಮ ಕಡೆ ಇಲ್ಲ. ಇದು ಹೊಗಳಿಕೆಯಲ್ಲ, ಅವರನ್ನು ಹೊಗಳಿ ನನಗೆ ಅಭ್ಯಾಸವಿಲ್ಲ. ರೋಜಿಪುರದಿಂದ, ಕರೇನಹಳ್ಳಿಯಿಂದ ಆಟೋ ಕಳಿಸಿ ಕರೆಸಿಕೊಳ್ಳುತ್ತಾರೆ. ಕೆಚ್ಚುವಾಗ ಅವರು ಎಳೆಯ ಕಡೆ ನೋಡುವುದು ಕಡಿಮೆ. ಕಣ್ಣು ಮೊಬೈಲಿನ ಧಾರಾವಾಹಿಯ ಮೇಲೋ, ನಾನು ಸಾರಿಗೆ ಎಷ್ಟು ಉಪ್ಪು ಹಾಕುತ್ತಿದ್ದೇನೆ ಎಂಬುದರ ಮೇಲೋ ಇರುತ್ತದೆ. ಬೆರಳು ತನ್ನ ಪಾಡಿಗೆ ತಾನು ಎರಡು ಎಳೆ ಹುಡುಕಿ, ಹೊಸೆದು, ಮುಂದಕ್ಕೆ ಹೋಗುತ್ತದೆ. ಮಾವ ತೀರಿಕೊಂಡಾಗ ಕುಮಾರ್ ಐದನೇ ತರಗತಿಯಲ್ಲಿದ್ದ. ಆ ಎರಡು ಬೆರಳಿನಿಂದಲೇ ಅವನನ್ನು ಓದಿಸಿದರು, ಮನೆಗೆ ಮೊದಲ ಮಗ್ಗ ಕೂರಿಸಿದರು. ಈಗ ಅವರಿಗೆ ಅರವತ್ತೊಂದು ವರ್ಷ. "ಸಾಕು ಕೂತ್ಕೊಳಮ್ಮ" ಎಂದು ಮಗ ಹೇಳಿದರೆ, "ಕೂತ್ಕೊಂಡೇ ಅಲ್ವೇನೋ ನಾನು ಮಾಡೋದು" ಎನ್ನುತ್ತಾರೆ.

ನನಗೆ ಮಾತ್ರ ಅವರು ಕೆಚ್ಚುವುದನ್ನು ಕಲಿಸಿರಲಿಲ್ಲ. ಮದುವೆಗೆ ಮುಂಚೆ ನಾನು ಬಾಶೆಟ್ಟಿಹಳ್ಳಿಯ ಗಾರ್ಮೆಂಟ್ಸಿನಲ್ಲಿ ಆರು ವರ್ಷ ಬಟ್ಟೆ ಚೆಕ್ ಮಾಡುವ ಕೆಲಸದಲ್ಲಿದ್ದೆ. ಒಂದು ಸಲ ಕೇಳಿದ್ದಕ್ಕೆ ನನ್ನ ಕೈ ಹಿಡಿದು ಬೆರಳು ಒತ್ತಿ ನೋಡಿ, "ಇದು ಗಾರ್ಮೆಂಟ್ಸ್ ಬೆರಳು. ಇದಕ್ಕೆ ಬಟ್ಟೆ ಗೊತ್ತಾಗುತ್ತೆ, ಎಳೆ ಗೊತ್ತಾಗಲ್ಲ" ಎಂದಿದ್ದರು. ನಾನು ಆಮೇಲೆ ಕೇಳಲಿಲ್ಲ. ಮನಸ್ಸಿನಲ್ಲಿ ಮಾತ್ರ ಇಟ್ಟುಕೊಂಡಿದ್ದೆ.

ಹೊಸದಾಗಿ ಬಣ್ಣ ಹಾಕಿದ ನೂಲನ್ನು ದಿನವಿಡೀ ಹೊಸೆದರೆ ಬೆರಳಿಗೆ ಸ್ವಲ್ಪವಾದರೂ ಬಣ್ಣ ಹತ್ತುತ್ತದೆ. ಒಂದು ವಾರ ಅತ್ತೆಯ ಬೆರಳು ನವಿಲು ನೀಲಿ, ಒಂದು ವಾರ ಗಿಳಿ ಹಸಿರು. ನಮ್ಮ ನೂಲಿಗೆಲ್ಲ ಬಣ್ಣ ಹಾಕುವವರು ಇದೇ ಬೀದಿಯ ಕೊನೆಯಲ್ಲಿರುವ ಜವರಪ್ಪ. ಅತ್ತೆಯನ್ನು ಅಕ್ಕ ಎನ್ನುತ್ತಾರೆ, ನಾನು ಮಾವ ಎನ್ನುತ್ತೇನೆ. ಅವರ ಎದುರು ಯಾವ ಮಾತು ಬೇಕಾದರೂ ಆಡಬಹುದು, "ಬಣ್ಣ ಬಿಡ್ತು" ಎಂಬ ಎರಡು ಪದ ಮಾತ್ರ ಆಡುವಂತಿಲ್ಲ. ಅತ್ತೆಯ ಬೆರಳು ತೋರಿಸಿದರೆ, "ಅದು ಬಣ್ಣ ಬಿಡೋದಲ್ಲ ಕಣಮ್ಮ, ಮೇಲಿನ ಪುಡಿ ಉದುರೋದು" ಎಂದು ಅರ್ಧ ಗಂಟೆ ವಿವರಿಸುತ್ತಾರೆ.

ಹೋದ ವರ್ಷ ವರಮಹಾಲಕ್ಷ್ಮಿ ಹಬ್ಬಕ್ಕೆ ಇನ್ನೂ ಇಪ್ಪತ್ತೈದು ದಿನ ಇದ್ದಾಗಿನ ಮಾತು. ಕುಂಕುಮ ಕೆಂಪಿನ ಹಾಸು ಒಂದು ಮಗ್ಗಕ್ಕೆ ಬಂದಿತ್ತು. ಸೋಮವಾರ ಅತ್ತೆ ಕೆಚ್ಚಲು ಕೂತರು. ಹಳೆಯ ಎಳೆಗಳನ್ನು ಬಿಡಿಸುವಾಗ ಮಗ್ಗದ ಮುರಿದ ತಂತಿಯೊಂದು ಬಲಗೈ ತೋರುಬೆರಳಿನ ತುದಿಗೆ ಚುಚ್ಚಿತು. ಒಂದು ಹನಿ ರಕ್ತ ಬಂತು. ಅವರು ಮುಚ್ಚಳದ ಬೂದಿಯನ್ನೇ ಒತ್ತಿ ಮತ್ತೆ ಕೆಲಸಕ್ಕೆ ಕೂತರು. "ಡೆಟ್ಟಾಲ್ ಕೊಡ್ಲಾ ಅತ್ತೆ?" ಎಂದೆ. "ನಲವತ್ತು ವರ್ಷದಿಂದ ಬೂದಿನೇ ನನಗೆ ಡೆಟ್ಟಾಲು" ಎಂದರು. ಅಲ್ಲಿಗೆ ಆ ವಿಷಯ ನಾನೂ ಮರೆತೆ.

ಮಂಗಳವಾರ ಮಧ್ಯಾಹ್ನ ಮುದ್ದೆ ಬೇಡ, ಅನ್ನ ಹಾಕು ಎಂದರು. ಮುದ್ದೆ ಇಲ್ಲದ ಊಟ ಊಟವೇ ಅಲ್ಲ ಎನ್ನುವ ಹೆಂಗಸು. ಬಿಸಿ ಮುದ್ದೆ ಮುರಿಯಲು ಬೆರಳಿಗೆ ಆಗುತ್ತಿಲ್ಲ ಎಂದು ನನಗೆ ಹೊಳೆಯಬೇಕಿತ್ತು. ನನಗೆ ಹೊಳೆದದ್ದು ಬೇರೆ. ನಾನು ತಿರುವಿದ ಮುದ್ದೆಯಲ್ಲಿ ಗಂಟಿದೆ ಎಂದು ಹೀಗೆ ಹೇಳುತ್ತಿದ್ದಾರೆ ಎಂದುಕೊಂಡು, ಪಾತ್ರೆ ತೊಳೆಯುವಾಗ ಸ್ವಲ್ಪ ಜಾಸ್ತಿಯೇ ಸದ್ದು ಮಾಡಿದೆ. ಅಂದು ಸಂಜೆ ಅವರು ತೋರುಬೆರಳು ಬಿಟ್ಟು ನಡುಬೆರಳಿನಲ್ಲಿ ಹೊಸೆಯುತ್ತಿದ್ದರು. ಕೆಲಸ ಅರ್ಧಕ್ಕರ್ಧ ನಿಧಾನವಾಯಿತು. ಒಂದೂವರೆ ದಿನದಲ್ಲಿ ಮುಗಿಯುವ ಹಾಸು ಬುಧವಾರ ಸಂಜೆಯಾದರೂ ಮುಗಿಯಲಿಲ್ಲ.

ಬುಧವಾರ ಸಂಜೆ ದೀಪ ಹಚ್ಚುವ ಹೊತ್ತಿಗೆ ಫ್ಯಾನ್ ಆರಿಸು ಎಂದರು, ಶಾಲು ಹೊದ್ದರು, ಮೈ ಸಣ್ಣಗೆ ನಡುಗುತ್ತಿತ್ತು. ಆಷಾಢದ ಗಾಳಿ ಎಂದು ಅವರೂ ಹೇಳಿದರು, ನಾನೂ ಒಪ್ಪಿದೆ. ಬೆರಳು ಊದಿ ಕೆಂಪಗಿದೆಯಲ್ಲ ಎಂದು ಕೇಳಿದ್ದಕ್ಕೆ, "ಕುಂಕುಮದ ಹಾಸು ಕೆಚ್ಚಿದ್ರೆ ಕೆಂಪಗಿರದೆ ಹಸಿರಾಗಿರುತ್ತಾ" ಎಂದರು. ಸರಿ ಅನ್ನಿಸಿತು. ಬೇರೆ ಬಣ್ಣದ ಹಾಸಾಗಿದ್ದರೆ ಆ ಬೆರಳಿನ ಕೆಂಪು ನಮಗೆ ಅಂದೇ ಕಾಣುತ್ತಿತ್ತು.

ಗುರುವಾರ ಬೆಳಗ್ಗೆ ಕುಮಾರ್ ಸೀರೆ ಗಂಟು ತೆಗೆದುಕೊಂಡು ಚಿಕ್ಕಪೇಟೆಗೆ ಹೋಗಿದ್ದ. ಅತ್ತೆ ಏಳು ಗಂಟೆಗೇ ಮಗ್ಗದ ಮುಂದೆ ಕೂತಿದ್ದರು. ಕಾಫಿ ಲೋಟ ಕೊಡಲು ಹೋದಾಗ ಅವರ ಕೈ ನೋಡಿದೆ. ಮಣಿಕಟ್ಟಿನಿಂದ ಶುರುವಾಗಿ ಕೈಯ ಒಳಮಗ್ಗುಲಲ್ಲಿ ಮೊಣಕೈ ಹತ್ತಿರದವರೆಗೆ ಒಂದು ಕೆಂಪು ಗೆರೆ, ಕುಂಚದಲ್ಲಿ ಎಳೆದ ಹಾಗೆ.

"ಇದೇನತ್ತೆ, ಮೊಣಕೈ ತನಕ ಬಣ್ಣ ಇಳಿದಿದೆ?"

"ಕೈ ತೊಳ್ದಾಗ ನೀರು ಇಳಿದಿರಬೇಕು ಬಿಡು" ಎಂದರು.

ಬಿಡುವವಳೇ ನಾನು? ಗಾರ್ಮೆಂಟ್ಸಿನಲ್ಲಿ ಆರು ವರ್ಷ ಕಲೆ ಹುಡುಕಿದ ಕಣ್ಣು ಇದು. ಬೆರಳಿನಿಂದ ಮೊಣಕೈ ತನಕ ಇಳಿಯುವ ಬಣ್ಣ ನಾಳೆ ಸೀರೆಯ ಬಿಳಿ ಅಂಚಿಗೆ ಇಳಿಯದೇ ಇರುತ್ತದೆಯೇ? ಹಬ್ಬದ ಮಾಲು ಪೂರ್ತಿ ವಾಪಸ್ ಬರುತ್ತದೆ. ಕೋಪ ನೆತ್ತಿಗೇರಿತು. ಅಲ್ಲೇ ನಿಂತು ಜವರಪ್ಪನವರಿಗೆ ಫೋನ್ ಮಾಡಿದೆ.

"ಮಾವ, ನಿಮ್ಮ ಕುಂಕುಮ ಬಣ್ಣ ಬಿಡ್ತಾ ಇದೆ."



"ಯಾರು ಹೇಳಿದ್ದು?"

"ನಾನೇ ನೋಡ್ತಾ ಇದೀನಿ. ಅತ್ತೆ ಕೈಯಲ್ಲಿ ಮೊಣಕೈ ತನಕ ಇಳಿದಿದೆ. ನೀವು ಬಂದು ನೋಡ್ತೀರೋ, ಇಲ್ಲ ನಾನೇ ಅತ್ತೇನ ಕರ್ಕೊಂಡು ಬಂದು ನಿಮ್ಮ ಅಂಗಡಿ ಮುಂದೆ ನಿಲ್ಲಿಸ್ಲೋ?"

ಹತ್ತೇ ನಿಮಿಷದಲ್ಲಿ ಅವರ ಟಿವಿಎಸ್ ನಮ್ಮ ಬಾಗಿಲಲ್ಲಿ ನಿಂತಿತು. ಅಂಗಿಯ ಗುಂಡಿ ಹಾಕುವಷ್ಟೂ ಪುರುಸೊತ್ತು ಮಾಡಿಕೊಂಡಿರಲಿಲ್ಲ. ಒಂದು ಕೈಯಲ್ಲಿ ಬಟ್ಟೆ ಸೋಪು, ಇನ್ನೊಂದರಲ್ಲಿ ಒಗೆದ ಬಿಳಿ ಬಟ್ಟೆಯ ತುಂಡು. ನನ್ನ ಕಡೆ ನೋಡಲೂ ಇಲ್ಲ. ನೇರ ಅತ್ತೆಯ ಮುಂದೆ ಕುಕ್ಕರುಗಾಲಲ್ಲಿ ಕೂತು, "ಅಕ್ಕ, ಕೈ ಕೊಡಿ" ಎಂದರು.

"ಏನಪ್ಪಾ ಜವರಪ್ಪ, ಬೆಳಬೆಳಗ್ಗೆನೇ ನನಗೆ ಸ್ನಾನ ಮಾಡಿಸೋಕೆ ಬಂದ್ಯಾ?"

"ನಿಮ್ಮ ಸೊಸೆ ಮಾತಿಗೆ ಉತ್ತರ ಕೊಡೋಕೆ ಬಂದೆ."

ಬಿಳಿ ಬಟ್ಟೆಯನ್ನು ನೀರಲ್ಲಿ ಅದ್ದಿ ಹಿಂಡಿ, ಸೋಪು ತಿಕ್ಕಿ, ಮೊದಲು ಹೆಬ್ಬೆರಳು ಒರೆಸಿದರು. ಬಟ್ಟೆಗೆ ತೆಳು ಗುಲಾಬಿ ಬಣ್ಣ ಹತ್ತಿತು. "ಇದು ಪುಡಿ" ಎಂದು ತಾವೇ ತೀರ್ಪು ಕೊಟ್ಟುಕೊಂಡರು. ಆಮೇಲೆ ಮಣಿಕಟ್ಟಿನ ಗೆರೆ ಒರೆಸಿದರು. ಬಟ್ಟೆ ಬೆಳ್ಳಗೇ ಇತ್ತು. ಇನ್ನೊಂದು ಸಲ, ಇನ್ನೂ ಜೋರಾಗಿ ಒರೆಸಿದರು. ಗೆರೆ ಅಲ್ಲಾಡಲಿಲ್ಲ, ಬಟ್ಟೆಗೆ ಏನೂ ಹತ್ತಲಿಲ್ಲ. ಅವರ ಮುಖ ಅರಳಿತು. ಬಟ್ಟೆಯನ್ನು ಬಾವುಟ ಹಿಡಿದ ಹಾಗೆ ನನ್ನ ಮುಖದ ಮುಂದೆ ಹಿಡಿದರು.

"ನೋಡಮ್ಮಾ ತಾಯಿ, ಚೆನ್ನಾಗಿ ನೋಡು. ಎಲ್ಲಿದೆ ಬಣ್ಣ? ಇದು ನನ್ನ ಬಣ್ಣ ಅಲ್ಲ."

"ನಿಮ್ಮ ಬಣ್ಣ ಅಲ್ದಿದ್ರೆ ಮತ್ತೆ ಯಾರದ್ದು?" ಎಂದೆ ನಾನು.

ಜವರಪ್ಪನವರ ಕೈ ಇನ್ನೂ ಅತ್ತೆಯ ಮಣಿಕಟ್ಟಿನ ಮೇಲೇ ಇತ್ತು. ಅವರು ಮೆಲ್ಲಗೆ ಅಂಗೈಯನ್ನು ಗೆರೆಯ ಉದ್ದಕ್ಕೂ ಆಡಿಸಿದರು. ಮೂವತ್ತು ವರ್ಷ ಕುದಿಯುವ ಬಣ್ಣದ ತೊಟ್ಟಿಯ ಬಿಸಿಯನ್ನು ಕೈಯಲ್ಲೇ ಅಳೆದವರು ಅವರು. ಇನ್ನೊಂದು ಕೈ ಕೂಡ ಮುಟ್ಟಿ ನೋಡಿದರು, ಹಣೆ ಮುಟ್ಟಿದರು.

"ಅಕ್ಕ, ಮೈ ಸುಡ್ತಾ ಇದೆ. ಈ ಕೈಯಂತೂ ಕೆಂಡ. ಒತ್ತಿದ್ರೆ ನೋವಾಗುತ್ತಾ?"

ಒತ್ತಿದರು. ಹೆರಿಗೆಯಲ್ಲೂ ಕೂಗಿರಲಿಲ್ಲ ಎಂದು ಹೇಳಿಕೊಳ್ಳುವ ನನ್ನ ಅತ್ತೆ ಹಲ್ಲು ಕಚ್ಚಿ ಕಣ್ಣು ಮುಚ್ಚಿದರು.

"ಬಣ್ಣ ಹೊರಗಿಂದ ಹತ್ತುತ್ತೆ. ಇದು ಒಳಗಿಂದ ಬಂದಿದೆ" ಎಂದರು ಜವರಪ್ಪ. ಅವರ ದನಿಯಲ್ಲಿ ಗೆದ್ದ ಖುಷಿ ಇರಲಿಲ್ಲ. "ನಮ್ಮಣ್ಣನಿಗೂ ಇಂಗೇ ಆಗಿತ್ತು. ಕಾಲಿಗೆ ಮೊಳೆ ತುಳಿದಿದ್ದ. ಪಾದದಿಂದ ಗೆರೆ ಮೇಲಕ್ಕೆ ಹತ್ತಿತ್ತು. ನಂಜು ಇಳಿಯುತ್ತೆ ಅಂತ ನಾವು ಮೂರು ದಿನ ಸೊಪ್ಪು ಕಟ್ಟಿಕೊಂಡು ಕೂತ್ವಿ. ಆಮೇಲೆ ಒಂದು ತಿಂಗಳು ಆಸ್ಪತ್ರೆ. ಎರಡು ಕಾಲ್ಬೆರಳು ತೆಗೆದುಬಿಟ್ರು. ಏಳಿ ಅಕ್ಕ, ಡಾಕ್ಟ್ರ ಹತ್ರ ಹೋಗಣ."

ಬೆರಳು ತೆಗೆಯುವ ಮಾತು ಕೇಳಿದ್ದೇ ನಾನು ಸ್ಕೂಟಿಯ ಕೀ ತೆಗೆದುಕೊಂಡೆ. ಅತ್ತೆ ಮಾತ್ರ ಮಗ್ಗದ ಕಡೆ ತಿರುಗಿದರು.

"ಇನ್ನೊಂದು ಸಾವಿರದ ನೂರು ಎಳೆ ಇದೆ. ಮುಗಿಸಿ ಬರ್ತೀನಿ. ಅರ್ಧ ಕೆಚ್ಚಿದ ಹಾಸು ಬಿಟ್ಟು ಎದ್ದವಳಲ್ಲ ನಾನು."

ಜವರಪ್ಪ ಬೇಡಿಕೊಂಡರು. ನಾನು ಬೇಡಿಕೊಳ್ಳಲಿಲ್ಲ, ನನಗೆ ಅದು ಬರುವುದಿಲ್ಲ. ಗೂಡಿನಲ್ಲಿದ್ದ ಕತ್ತರಿ ತೆಗೆದುಕೊಂಡು ಬಂದೆ. ಇನ್ನೂ ಕೆಚ್ಚದೆ ತೂಗುತ್ತಿದ್ದ ಸಾವಿರದ ನೂರು ಎಳೆಯನ್ನು ಒಂದೇ ಹಿಡಿಯಲ್ಲಿ ಹಿಡಿದು ಕತ್ತರಿ ಬಾಯಿ ತೆರೆದೆ.

"ಎದ್ದೇಳ್ತೀರೋ, ಕತ್ತರಿಸ್ಲೋ?"

"ಲೇ ವಾಣಿ, ಹುಚ್ಚು ಹಿಡಿದಿದ್ಯೇನೇ ನಿಂಗೆ?"

"ಮೂರು ಎಣಿಸ್ತೀನಿ."

ನಾನು ಕತ್ತರಿಸುತ್ತಿರಲಿಲ್ಲ. ಅದು ನನಗೆ ಗೊತ್ತಿತ್ತು. ಅತ್ತೆಗೆ ಗೊತ್ತಿರಲಿಲ್ಲ. ಹನ್ನೆರಡು ವರ್ಷ ನನ್ನ ಕೋಪ ನೋಡಿದವರಲ್ಲವೇ, ಎರಡು ಎಣಿಸುವಷ್ಟರಲ್ಲಿ ಎದ್ದು ಚಪ್ಪಲಿ ಹಾಕಿಕೊಂಡಿದ್ದರು.

ನನ್ನ ಸ್ಕೂಟಿಯಲ್ಲಿ ಅತ್ತೆ, ಹಿಂದೆ ಟಿವಿಎಸ್‌ನಲ್ಲಿ ಜವರಪ್ಪ, ಹೀಗೆ ನಮ್ಮ ಮೆರವಣಿಗೆ ಹೊರಟಿತು. ಬಸ್ ಸ್ಟ್ಯಾಂಡ್ ದಾಟಿದರೆ ಹತ್ತು ಹಾಸಿಗೆಯ ಒಂದು ಸಣ್ಣ ನರ್ಸಿಂಗ್ ಹೋಮ್. ಅಲ್ಲಿನ ಡಾಕ್ಟರ್ ಶಿಲ್ಪ ನನಗಿಂತ ಚಿಕ್ಕವರು. ಅತ್ತೆಯ ಕೈ ನೋಡಿದ ತಕ್ಷಣ ಹೊರಗೆ ಕೂತಿದ್ದವರನ್ನೆಲ್ಲ ಕಾಯಲು ಹೇಳಿ ನಮ್ಮನ್ನು ಒಳಗೆ ಕೂರಿಸಿದರು.

"ಅಮ್ಮ, ಯಾವತ್ತು ಚುಚ್ಚಿದ್ದು?"

"ಸೋಮವಾರ."

"ಚಳಿ ಬಂತಾ?"

"ಫ್ಯಾನ್ ಗಾಳಿಗೆ ಸ್ವಲ್ಪ."

"ರಾತ್ರಿ ಬೆರಳು ಪಟಪಟ ಅಂತ ಹೊಡ್ಕೊಳ್ತಿತ್ತಾ? ಕಂಕುಳಲ್ಲಿ ಗಡ್ಡೆ ತರ ಏನಾದ್ರೂ?"

ಅತ್ತೆ ನನ್ನ ಕಡೆ ಕಳ್ಳನೋಟ ಬೀರಿ ತಲೆಯಾಡಿಸಿದರು. ಎರಡು ರಾತ್ರಿ ನಿದ್ದೆ ಮಾಡಿರಲಿಲ್ಲ. ಕಂಕುಳಲ್ಲಿ ನೆಲ್ಲಿಕಾಯಿ ಗಾತ್ರದ ಗಡ್ಡೆ ಎದ್ದು ಕೈ ಎತ್ತಲು ಆಗುತ್ತಿರಲಿಲ್ಲ. ಎಲ್ಲ ಮುಚ್ಚಿಟ್ಟಿದ್ದರು. ಜ್ವರ ನೋಡಿದರೆ ನೂರ ಎರಡು. ಸಕ್ಕರೆ ಕಾಯಿಲೆ ಇದೆಯಾ ಎಂದು ರಕ್ತ ಪರೀಕ್ಷೆ ಮಾಡಿದರು, ಪುಣ್ಯಕ್ಕೆ ಇರಲಿಲ್ಲ.

ಡಾಕ್ಟರ್ ಪೆನ್ ತೆಗೆದುಕೊಂಡು ಗೆರೆ ಎಲ್ಲಿಗೆ ಮುಗಿಯುತ್ತದೋ ಅಲ್ಲಿ ಒಂದು ಅಡ್ಡಗೀಟು ಹಾಕಿ ಪಕ್ಕದಲ್ಲಿ ಸಮಯ ಬರೆದರು. ಬೆರಳಿನ ಕೆಂಪಿನ ಸುತ್ತಲೂ ಒಂದು ಗೀಟು. "ಇದು ಸೋಂಕು. ಗಾಯದಿಂದ ಮೇಲಕ್ಕೆ ಹತ್ತುತ್ತಾ ಇದೆ. ಈ ಗೆರೆ ಕಂಡ ದಿನವೇ ಬರಬೇಕು, ನಾಳೆ ನೋಡೋಣ ಅನ್ನಬಾರದು. ರಕ್ತಕ್ಕೆ ಸೇರಿಬಿಟ್ರೆ ಬೆರಳಿನ ಮಾತಿರಲಿ, ಜೀವಕ್ಕೇ ಕಷ್ಟ. ಇವತ್ತೇ ಬಂದಿದ್ದು ಒಳ್ಳೇದಾಯ್ತು. ಎರಡು ದಿನ ಇಲ್ಲೇ ಇರಿ, ಡ್ರಿಪ್‌ನಲ್ಲಿ ಔಷಧಿ ಕೊಡ್ತೀನಿ. ಗೆರೆ ಈ ಗೀಟು ದಾಟಿದ್ರೆ ಬೆಂಗಳೂರಿಗೆ ಕಳಿಸ್ತೀನಿ."

"ಡಾಕ್ಟ್ರೇ" ಎಂದರು ಬಾಗಿಲಲ್ಲಿ ನಿಂತಿದ್ದ ಜವರಪ್ಪ, "ಇದು ಬಣ್ಣ ಅಲ್ಲ ತಾನೇ?"

"ಅಲ್ಲ."

"ಈಯಮ್ಮನಿಗೆ ಒಂಚೂರು ಕೇಳ್ಸೋ ಹಂಗೆ ಹೇಳಿ."

ಆ ಹೊತ್ತಿನಲ್ಲೂ ನನಗೆ ನಗು ಬಂತು. ಡಾಕ್ಟರೂ ನಕ್ಕರು. ಅತ್ತೆ ನಗಲಿಲ್ಲ. ಬೆರಳಿನ ತುದಿಯಲ್ಲಿ ಕೀವು ಕಟ್ಟಿದೆ, ಸಣ್ಣದಾಗಿ ಕುಯ್ದು ತೆಗೆಯಬೇಕು ಎಂದು ಡಾಕ್ಟರ್ ಹೇಳಿದ್ದರು.

"ಎಲ್ಲಿ ಕುಯ್ತೀರಿ?" ಎಂದು ಕೇಳಿದರು ಅತ್ತೆ.

"ಯಾಕಮ್ಮ?"

"ಮಧ್ಯಕ್ಕೆ ಬೇಡ. ಪಕ್ಕಕ್ಕೆ ಕುಯ್ಯಿ ತಾಯಿ. ನಾನು ಎಳೆ ನೋಡೋದು ಆ ಮಧ್ಯದಲ್ಲೇ."

ಡಾಕ್ಟರ್ ಅವರ ಕೈ ಹಿಡಿದುಕೊಂಡರು. "ನಾನೂ ಪಕ್ಕಕ್ಕೇ ಅಂದುಕೊಂಡಿದ್ದೆ ಅಮ್ಮ" ಎಂದರು. ಆದರೆ ಸುಳ್ಳು ಹೇಳಲಿಲ್ಲ. ಕೀವು ಮೂರು ದಿನ ತುದಿಯನ್ನು ಒತ್ತಿದೆ, ಮುಟ್ಟಿದ್ದು ತಿಳಿಯುವ ಶಕ್ತಿ ಮರಳಿ ಬರಬಹುದು, ಎಷ್ಟು ಬರುತ್ತದೆ ಎಂದು ಈಗಲೇ ಹೇಳಲಾಗದು ಎಂದರು. ಅತ್ತೆ ಸರಿ ಎಂದು ತಲೆಯಾಡಿಸಿ ಗೋಡೆಯ ಕಡೆ ಮುಖ ತಿರುಗಿಸಿದರು. ಅವರ ಕಣ್ಣಲ್ಲಿ ನೀರು ನೋಡಿದ್ದು ನಾನು ಅದೇ ಮೊದಲು. ನಾನು ಹೊರಗೆ ಬಂದು ಕುಮಾರ್‌ಗೆ ಫೋನ್ ಮಾಡಿದೆ.

ಧನುರ್ವಾಯುವಿನ ಇಂಜೆಕ್ಷನ್, ಡ್ರಿಪ್, ದಿಂಬಿನ ಮೇಲೆ ಎತ್ತಿಟ್ಟ ಕೈ. ಸಂಜೆ ಗೆರೆ ಗೀಟಿನ ಹತ್ತಿರವೇ ಇತ್ತು, ದಾಟಿರಲಿಲ್ಲ. ಶುಕ್ರವಾರ ಬೆಳಗ್ಗೆ ಎರಡು ಬೆರಳಿನಷ್ಟು ಕೆಳಗಿಳಿದಿತ್ತು, ಜ್ವರವೂ ಬಿಟ್ಟಿತ್ತು. ಜವರಪ್ಪ ಎರಡು ಹೊತ್ತೂ ಬಂದು ಕಿಟಕಿಯ ಬೆಳಕಿಗೆ ಅತ್ತೆಯ ಕೈ ಹಿಡಿದು ನೋಡುತ್ತಿದ್ದರು.

"ನಿನ್ನೆ ಕುಂಕುಮ. ಇವತ್ತು ದಾಳಿಂಬೆಗೆ ಬಂದಿದೆ. ನಾಳೆಗೆ ಈರುಳ್ಳಿ ಬಣ್ಣ ಆಗುತ್ತೆ ನೋಡಕ್ಕ."

ಹಾಗೇ ಆಯಿತು. ಶನಿವಾರ ಈರುಳ್ಳಿ ಬಣ್ಣದ ಕೈಯೊಂದಿಗೆ ಅತ್ತೆಯನ್ನು ಮನೆಗೆ ಕರೆತಂದೆವು. ಬಂದ ಎರಡನೇ ದಿನವೇ ಮಾತ್ರೆ ಸಾಕು, ಈಗ ಚೆನ್ನಾಗಿದ್ದೀನಲ್ಲ ಎಂದು ಶುರು ಮಾಡಿದರು. ಚೆನ್ನಾಗಾದ ಮೇಲೂ ಪೂರ್ತಿ ಮುಗಿಸಬೇಕು ಎಂದು ಡಾಕ್ಟರ್ ಹೇಳಿದ್ದಾರೆ ಎಂದೆ. ಡಾಕ್ಟ್ರೇನು ನನ್ನ ಹೊಟ್ಟೆ ಒಳಗೆ ಕೂತಿದ್ದಾರಾ ಎಂದರು. ನಾನು ಗೂಡಿನ ಕತ್ತರಿ ಕಡೆ ನೋಡಿದೆ. ಮಾತ್ರೆ ಒಳಗೆ ಹೋಯಿತು.

ಮಗ್ಗ ಮಾತ್ರ ಅರ್ಧದಲ್ಲೇ ನಿಂತಿತ್ತು. ಇನ್ನೊಬ್ಬರನ್ನು ಕರೆಸೋಣ ಎಂದ ಕುಮಾರ್. ಅತ್ತೆ ಒಪ್ಪಲಿಲ್ಲ. ಒಂದು ಕೈ ಶುರು ಮಾಡಿದ ಹಾಸಿನ ಮೇಲೆ ಬೇರೆ ಮನೆಯ ಕೈ ಬೀಳಬಾರದು, ಹೊಸೆತ ಬೇರೆಯಾಗುತ್ತದೆ ಎಂಬುದು ಕೆಚ್ಚುವವರ ಕಟ್ಟಳೆ.

"ಮತ್ತೆ ಹಬ್ಬ ಮುಗಿಯೋ ತನಕ ಮಗ್ಗ ಹಿಂಗೇ ನಿಂತಿರ್ಲಾ?" ಎಂದ ಅವನು.

ಅತ್ತೆ ನನ್ನ ಕಡೆ ನೋಡಿದರು. "ಇವಳು ಬೇರೆ ಮನೆಯವಳಲ್ವಲ್ಲ" ಎಂದರು. ಹೇಳಿದ ದನಿ ಮಾತ್ರ ಹಲ್ಲು ಕೀಳಿಸಿಕೊಳ್ಳುವವರದ್ದು.

ಹೀಗೆ ಭಾನುವಾರದಿಂದ ನಾನು ಮಗ್ಗದ ಮುಂದೆ ಕೂತೆ. ಹಿಂದೆ ಕುರ್ಚಿಯಲ್ಲಿ, ಬ್ಯಾಂಡೇಜಿನ ಕೈಯನ್ನು ಆಶೀರ್ವಾದ ಮಾಡುವ ಹಾಗೆ ಎತ್ತಿಟ್ಟುಕೊಂಡು ಅತ್ತೆ. ಆಶೀರ್ವಾದ ಮಾತ್ರ ಒಂದೂ ಬರಲಿಲ್ಲ. "ಚಪಾತಿ ಲಟ್ಟಿಸ್ತಾ ಇದ್ದೀಯೇನೆ? ಮೆತ್ತಗೆ." "ಬೂದಿ ಮುಟ್ಕೊ ಅಂದ್ರೆ ಮೈಗೆಲ್ಲ ಬಳ್ಕೋ ಅಂದ್ನಾ?" "ಎಳೆ ಎಳೀಬೇಡ, ಅದು ನಿನ್ನ ಗಂಡನ ಕಿವಿ ಅಲ್ಲ." ಮೊದಲ ದಿನ ನೂರೈವತ್ತು ಎಳೆಗೆ ಬೆನ್ನು ಮುರಿಯಿತು. ಎರಡನೇ ದಿನ ಇನ್ನೂರಾಯಿತು. ನಾಲ್ಕನೇ ದಿನ ನನ್ನ ಬೆರಳುಗಳ ನಡುವೆ ಎರಡು ಎಳೆ ಉರುಳಿ ಒಂದಾಗುವುದು ನನಗೇ ತಿಳಿಯಿತು. ಹೇಳಿದರೆ ಎಲ್ಲಿ ಇಲ್ಲವೆಂದುಬಿಡುತ್ತಾರೋ ಎಂದು ಹೇಳಲಿಲ್ಲ. ಆರು ದಿನಕ್ಕೆ ಕೆಲಸ ಮುಗಿಯಿತು. ಹೊಸೆದ ಎಳೆಗಳನ್ನು ಅಚ್ಚಿನಿಂದ ಮುಂದಕ್ಕೆ ಎಳೆದುಕೊಳ್ಳುವುದಷ್ಟೇ ಬಾಕಿ. ಅದಕ್ಕೆ ಮುಂಚೆ ಒಂದು ಸಲ ತಾನು ಬೆರಳಾಡಿಸಿ ನೋಡಬೇಕು, ಬ್ಯಾಂಡೇಜ್ ಬಿಚ್ಚುವವರೆಗೆ ತಡೆಯಿರಿ ಎಂದರು ಅತ್ತೆ.

ಮರುದಿನ ಬ್ಯಾಂಡೇಜ್ ಬಿಚ್ಚಿದರು. ಗಾಯ ಪಕ್ಕದಲ್ಲಿ ಸಣ್ಣ ಗೀಟಾಗಿ ಮಾಗಿತ್ತು. ತುದಿಯ ಹಳೆ ಚರ್ಮ ಸುಲಿದು ಹೊಸದು ಬಂದಿತ್ತು, ಮಗುವಿನ ಬೆರಳಿನ ಹಾಗೆ. ಡಾಕ್ಟರ್ ಹತ್ತಿಯ ಎಸಳಿನಿಂದ ಮುಟ್ಟಿ, "ಗೊತ್ತಾಗುತ್ತಾ ಅಮ್ಮ?" ಎಂದರು. "ಹೂಂ" ಎಂದರು ಅತ್ತೆ. ಅವರು "ಹೂಂ" ಎಂದ ರೀತಿಯಲ್ಲೇ ನನಗೆ ತಿಳಿಯಿತು, ಸುಳ್ಳು.

ಮನೆಗೆ ಬಂದ ಮೇಲೆ ಅವರು ಹಾಸಿನ ಹತ್ತಿರ ಹೋಗಲೇ ಇಲ್ಲ. ನಾಳೆ ನೋಡೋಣ ಎಂದರು. ಅಕ್ಕಿ ಆರಿಸುವ ನೆಪದಲ್ಲಿ ಒಂದೊಂದೇ ಕಾಳನ್ನು ಬೆರಳಲ್ಲಿ ಉರುಳಿಸುತ್ತಿದ್ದರು. ಸೆರಗಿನ ಅಂಚನ್ನು ಮತ್ತೆ ಮತ್ತೆ ಸವರುತ್ತಿದ್ದರು. ನಾನು ನೋಡಿದರೆ ಕೈ ಮಡಿಲಿಗೆ ಇಳಿಸಿಕೊಳ್ಳುತ್ತಿದ್ದರು. ಎರಡು ದಿನ ಹೀಗೇ ಕಳೆಯಿತು. ಎಲ್ಲಕ್ಕಿಂತ ಕೆಟ್ಟದ್ದೆಂದರೆ ಅವರು ಬೈಯುವುದನ್ನು ನಿಲ್ಲಿಸಿದರು. ಒಂದು ದಿನ ಸಾರಿಗೆ ಉಪ್ಪು ಹಾಕುವುದನ್ನೇ ಮರೆತೆ. ಸುಮ್ಮನೆ ಉಂಡು ಎದ್ದರು. ಆಸ್ಪತ್ರೆಯಲ್ಲೂ ನನಗೆ ಅಷ್ಟು ಭಯವಾಗಿರಲಿಲ್ಲ. ಜವರಪ್ಪನವರು ಬಂದು ಏನೋ ತಮಾಷೆ ಮಾಡಿದರೆ ಅದಕ್ಕೂ ಸುಮ್ಮನೆ ನಕ್ಕರು.

ಮೂರನೇ ದಿನ ಕುಮಾರ್ ಮೆಲ್ಲಗೆ, "ಅಮ್ಮ, ಇವತ್ತು ಎಳ್ಕೊಂಬಿಡಣ. ಹಬ್ಬ ಹತ್ರ ಬಂತು. ನೀನು ನೋಡದೇ ಇದ್ರೂ ನಡಿಯುತ್ತೆ" ಎಂದ. ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದು. ಅತ್ತೆಯ ಮುಖ ಸಣ್ಣದಾಯಿತು. ಎದ್ದು ಸೆರಗು ಸಿಕ್ಕಿಸಿಕೊಂಡು ಮಗ್ಗದ ಮುಂದೆ ಕೂತರು.

ಎಡದ ಅಂಚಿನಿಂದ ಶುರು ಮಾಡಿದರು. ಎಳೆಗಳನ್ನು ಹಿಡಿ ಹಿಡಿಯಾಗಿ ಬಿಗಿದು ಹಿಡಿದು, ಹೊಸೆದ ಜಾಗದ ಮೇಲೆ ತೋರುಬೆರಳನ್ನು ಅಡ್ಡಕ್ಕೆ ಜಾರಿಸಿದರು. ತಾವೇ ಹೊಸೆದ ಭಾಗ ದಾಟಿತು. ನಾನು ಹೊಸೆದದ್ದು ಶುರುವಾಯಿತು. ಕಣ್ಣು ಮುಚ್ಚಿದರು. ಒಂದು ಹಿಡಿ, ಎರಡು ಹಿಡಿ, ಮೂರು ಹಿಡಿ. ಬೆರಳು ಎಲ್ಲೂ ನಿಲ್ಲದೆ ಜಾರುತ್ತ ಹೋಯಿತು. ಕುಮಾರ್ ನೆಲ ನೋಡುತ್ತ ನಿಂತಿದ್ದ. ನನಗೆ ಅಲ್ಲಿ ನಿಲ್ಲಲು ಆಗಲಿಲ್ಲ, ಓಡಿಹೋಗಲೂ ಆಗಲಿಲ್ಲ. ನನ್ನ ಕೆಲಸ ಅಷ್ಟು ಚೆನ್ನಾಗಿರಲು ಸಾಧ್ಯವಿಲ್ಲ ಎಂಬುದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಎರಡನೇ ದಿನ ಸಂಜೆ ಒಂದು ಎಳೆ ಎಷ್ಟು ಹೊಸೆದರೂ ಕೂಡದೆ ಜಾರುತ್ತಿತ್ತು. ಅತ್ತೆ ಬಚ್ಚಲಿಗೆ ಹೋದ ಸಮಯ ನೋಡಿ ಸಿಟ್ಟಿನಲ್ಲಿ ಅದಕ್ಕೊಂದು ಗಂಟು ಹಾಕಿ, ಬಾಲ ಕತ್ತರಿಸಿ ಮುಚ್ಚಿಟ್ಟಿದ್ದೆ. ಅದನ್ನು ಯಾರಿಗೂ ಹೇಳಿರಲಿಲ್ಲ. ಕಣ್ಣಿಗೆ ಕಾಣದಷ್ಟು ಸಣ್ಣ ಗಂಟು.

ಬೆರಳು ನಿಂತಿತು.

ಒಂದಿಷ್ಟು ಹಿಂದಕ್ಕೆ ಹೋಗಿ, ಮತ್ತೆ ಮುಂದಕ್ಕೆ ಬಂದು, ಅಲ್ಲೇ ನಿಂತಿತು. ಅತ್ತೆ ಕಣ್ಣು ಮುಚ್ಚಿಕೊಂಡೇ ಎರಡು ಬೆರಳಿನಿಂದ ಆ ಒಂದು ಎಳೆಯನ್ನು ಬೇರೆ ಮಾಡಿ ಮೇಲೆತ್ತಿದರು. ಆಮೇಲೆ ಕಣ್ಣು ತೆರೆದು ನನ್ನ ಕಡೆ ತಿರುಗಿದರು.

"ಗಂಟು ಹಾಕಿದ್ದೀಯಾ?"

ನಾನು ಹೌದೆಂದು ತಲೆಯಾಡಿಸಿದೆ.

"ಕಳ್ಳಿ. ನಾನು ಎದ್ದು ಆ ಕಡೆ ಹೋಗೋದೇ ಕಾಯ್ತಾ ಇದ್ಯೇನೆ? ಗಾರ್ಮೆಂಟ್ಸ್ ಬುದ್ಧಿ ಎಲ್ಲ ಇಲ್ಲಿ ತೋರಿಸ್ತೀಯಾ? ಇದು ಅಚ್ಚಿಗೆ ಹೋದ್ರೆ ಪಕ್ಕದ ಹತ್ತು ಎಳೆ ಕಡ್ಕೊಂಡು ಹೋಗುತ್ತೆ, ಗೊತ್ತಾ ನಿಂಗೆ? ಆರು ದಿನ ತಲೆ ಮೇಲೆ ಕುಟ್ಟಿ ಕುಟ್ಟಿ ಹೇಳಿದ್ನಲ್ಲ, ಆ ತಲೇಲಿ ಏನಿದೆ?"

ಬೈಗುಳ ತಿಂದು ಸುಮ್ಮನಿದ್ದವಳಲ್ಲ ನಾನು. ಆದರೆ ಅವತ್ತು ಕಣ್ಣಿಂದ ನೀರು ಧಾರೆಯಾಗಿ ಸುರಿಯುತ್ತಿತ್ತು, ಬಾಯಿ ನಗುತ್ತಿತ್ತು.

"ಏನೇ, ಬೈದಿದ್ದಕ್ಕೆ ಅಳ್ತಾ ಇದ್ದೀಯಾ?"

"ಇಲ್ಲ ಅತ್ತೆ" ಎಂದೆ. "ಇನ್ನೊಂಚೂರು ಬೈಯಿರಿ."

ಅತ್ತೆ ಆ ಎಳೆಯನ್ನು ಇನ್ನೂ ಬೆರಳ ತುದಿಯಲ್ಲೇ ಹಿಡಿದುಕೊಂಡು, ಮೂಗು ಸೆರಗಿನಲ್ಲಿ ಒರೆಸಿಕೊಂಡು, ಬೈಯತೊಡಗಿದರು.